ಎರಡು ಸನ್ನದುಗಳ ರಂಗಭೂಮಿ

ಇಂಗ್ಲಿಷ್ ಸಾಹಿತ್ಯದ ಚರಿತ್ರೆಯನ್ನು ಕಾಲೇಜಿನಲ್ಲಿ ಓದಿದವರಿಗೆ ರೆಸ್ಟೊರೇಷನ್ ಯುಗದ ನಾಟಕದ ಕಥೆ ಸಾಮಾನ್ಯವಾಗಿ ಒಂದೇ ರೂಪದಲ್ಲಿ ಗೊತ್ತಿರುತ್ತದೆ. 1642ರಲ್ಲಿ ಪ್ಯೂರಿಟನ್ನರ ಪ್ರಾಬಲ್ಯವಿದ್ದ ಪಾರ್ಲಿಮೆಂಟು ಲಂಡನ್ನಿನ ನಾಟಕಶಾಲೆಗಳನ್ನು ಮುಚ್ಚಿಸಿತು. ಹದಿನೆಂಟು ವರ್ಷಗಳ ನಂತರ, 1660ರ ಮೇ ತಿಂಗಳಲ್ಲಿ, ಎರಡನೆಯ ಚಾರ್ಲ್ಸ್ ಪರದೇಶವಾಸ ಮುಗಿಸಿ ಸಿಂಹಾಸನಕ್ಕೆ ಮರಳಿದ. ಅವನು ವಿಲಾಸಿ, ಅವನ ಆಸ್ಥಾನವೂ ವಿಲಾಸಿ. ಆದ್ದರಿಂದ ನಾಟಕಗಳೂ ಹಾಗೆಯೇ ಆದವು. ಪರಸ್ತ್ರೀಯರ ಹಿಂದೆ ಓಡುವ ಚತುರ ಯುವಕರು, ಮೋಸಹೋಗುವ ಮುದಿ ಗಂಡಂದಿರು, ಚುರುಕು ಮಾತಿನ ಹೆಣ್ಣುಗಳು, ಇವೆಲ್ಲ ಅರಮನೆಯ ಹವೆಯಲ್ಲೇ ಬೆಳೆದ ಪೈರು. ಯಥಾ ರಾಜಾ ತಥಾ ನಾಟಕ ಎನ್ನುವ ಈ ವಿವರಣೆ ಹೇಳುವುದಕ್ಕೂ ಸುಲಭ, ಪರೀಕ್ಷೆಯಲ್ಲಿ ಬರೆಯುವುದಕ್ಕೂ ಸುಲಭ. ಅದರಲ್ಲಿ ಪೂರ್ತಿ ಸುಳ್ಳೇನೂ ಇಲ್ಲ. ಆದರೆ ಆ ನಲವತ್ತು ವರ್ಷಗಳ ನಾಟಕ ಯಾಕೆ ಆ ರೂಪ ತಾಳಿತು, ಯಾಕೆ ಕೆಲವು ವರ್ಷ ತುಂಬಿ ಹರಿದು ಕೆಲವು ವರ್ಷ ಬತ್ತಿಹೋಯಿತು ಎಂದು ಕೇಳಿದರೆ ದೊರೆಯ ಶೀಲ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ದೊರೆ ಸಹಿ ಹಾಕಿದ ಕಾಗದಗಳಲ್ಲಿ. ಲಂಡನ್ನಿನಲ್ಲಿ ನಾಟಕವಾಡುವ ಹಕ್ಕನ್ನು ಇಬ್ಬರಿಗೆ ಮಾತ್ರ ಬರೆದುಕೊಟ್ಟ ಆ ಸನ್ನದುಗಳೇ ಈ ರಂಗಭೂಮಿಯನ್ನು ಕಟ್ಟಿದವು ಎಂಬುದು ನನ್ನ ವಾದ.

ಮೊದಲು ಇಸವಿಗಳನ್ನೇ ನೋಡೋಣ. ಚಾರ್ಲ್ಸನ ಆಳ್ವಿಕೆಯ ಆರಂಭದಲ್ಲಿ, ಆಸ್ಥಾನದ ಮೋಜು ಹೊಸದಾಗಿದ್ದಾಗ, ಜನ ಮುಗಿಬಿದ್ದು ನೋಡಿದ ನಾಟಕಗಳಲ್ಲಿ ಒಂದು 1663ರ ಜನವರಿಯಲ್ಲಿ ರಂಗಕ್ಕೆ ಬಂದ, ಸ್ಯಾಮ್ಯುಯೆಲ್ ಟ್ಯೂಕ್ ಬರೆದ ‘ದಿ ಅಡ್ವೆಂಚರ್ಸ್ ಆಫ್ ಫೈವ್ ಅವರ್ಸ್’. ಸ್ಪ್ಯಾನಿಷ್ ಮೂಲದ ಈ ನಾಟಕದಲ್ಲಿ ಮಾನ, ಪ್ರೇಮ, ಕತ್ತಲೆಯ ಗೊಂದಲ ಎಲ್ಲ ಉಂಟು. ಅಶ್ಲೀಲ ಮಾತ್ರ ಹುಡುಕಿದರೂ ಸಿಗದು. ಮೂಲ ಕಥೆಯನ್ನು ಸೂಚಿಸಿದವನು ಸ್ವತಃ ಚಾರ್ಲ್ಸ್! ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಇದನ್ನು ಎಷ್ಟು ಮೆಚ್ಚಿಕೊಂಡನೆಂದರೆ, ಮುಂದೆ ‘ಒಥೆಲೊ’ವನ್ನು ಓದಿದಾಗ ಅದು ಇದರ ಮುಂದೆ ಸಪ್ಪೆಯೆನಿಸಿತೆಂದು ದಿನಚರಿಯಲ್ಲಿ ಬರೆದುಕೊಂಡ. ಅತ್ಯಂತ ದಿಟ್ಟ ಶೃಂಗಾರ ಪ್ರಹಸನಗಳು ಬಂದದ್ದು ಹನ್ನೆರಡು ವರ್ಷ ತಡವಾಗಿ: ವಿಲಿಯಂ ವಿಚರ್ಲಿಯ ‘ದಿ ಕಂಟ್ರಿ ವೈಫ್’ 1675ರಲ್ಲಿ, ಜಾರ್ಜ್ ಎಥರೆಜ್‌ನ ‘ದಿ ಮ್ಯಾನ್ ಆಫ್ ಮೋಡ್’ 1676ರಲ್ಲಿ, ಆಫ್ರಾ ಬೆನ್‌ಳ ‘ದಿ ರೋವರ್’ 1677ರಲ್ಲಿ. ಆಮೇಲೆ ದೀರ್ಘವಾದೊಂದು ಸಪ್ಪೆ ಕಾಲ. ಚಾರ್ಲ್ಸ್ ತೀರಿಕೊಂಡದ್ದು 1685ರಲ್ಲಿ. ಕಾಂಗ್ರೀವ್ ಮತ್ತು ವ್ಯಾನ್‌ಬ್ರೂ ಅವರ ಹೆಸರಾಂತ ಪ್ರಹಸನಗಳು ಹುಟ್ಟಿದ್ದು 1693ರಿಂದ 1700ರ ನಡುವೆ, ಧರ್ಮಭೀರು ರಾಣಿ ಮೇರಿ ಮತ್ತು ನಾಟಕದ ಗೊಡವೆಗೇ ಹೋಗದ ಮೂರನೆಯ ವಿಲಿಯಂ ಆಳುತ್ತಿದ್ದ ಕಾಲದಲ್ಲಿ. ರಾಜನ ರಸಿಕತೆಯೇ ಕಾರಣವಾಗಿದ್ದರೆ ಈ ಏರಿಳಿತ ಹೀಗೆ ಇರಲು ಸಾಧ್ಯವಿಲ್ಲ.

1660ರ ಆಗಸ್ಟ್ 21ರಂದು ಹೊರಟ ರಾಜಾಜ್ಞೆ ಥಾಮಸ್ ಕಿಲಿಗ್ರೂ ಮತ್ತು ವಿಲಿಯಂ ಡ್ಯಾವೆನಂಟ್ ಎಂಬ ಇಬ್ಬರಿಗೆ ಲಂಡನ್ನಿನಲ್ಲಿ ಒಂದೊಂದು ಕಂಪನಿ ಕಟ್ಟಲು ಅನುಮತಿ ಕೊಟ್ಟು, ಉಳಿದ ಎಲ್ಲ ತಂಡಗಳನ್ನೂ ಮುಚ್ಚಿಸಬೇಕೆಂದು ವಿಧಿಸಿತು. ಕಿಲಿಗ್ರೂ ದೊರೆಯ ಜೊತೆ ಪರದೇಶದಲ್ಲಿದ್ದ ಆಪ್ತ. ಡ್ಯಾವೆನಂಟ್ ಹಳೆಯ ಆಸ್ಥಾನಕವಿ, ಕ್ರಾಮ್‌ವೆಲ್ ಕಾಲದಲ್ಲೇ, 1656ರಲ್ಲಿ, ಸಂಗೀತದ ನೆಪ ಹೇಳಿ ‘ದಿ ಸೀಜ್ ಆಫ್ ರೋಡ್ಸ್’ ಆಡಿಸಿದ ಚಾಣಾಕ್ಷ. ಮುಂದೆ 1662 ಮತ್ತು 1663ರಲ್ಲಿ ಈ ಹಕ್ಕು ಮೊಹರು ಬಿದ್ದ ಸನ್ನದುಗಳಾಗಿ ಗಟ್ಟಿಯಾಯಿತು, ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಯಾಯಿತು. ಕಿಲಿಗ್ರೂನದು ಕಿಂಗ್ಸ್ ಕಂಪನಿ, ಡ್ಯಾವೆನಂಟ್‌ನದು ದೊರೆಯ ತಮ್ಮನ ಹೆಸರಿನ ಡ್ಯೂಕ್ಸ್ ಕಂಪನಿ. ನಾಟಕಗಳಿಗೆ ಪರವಾನಗಿ ಕೊಡುವುದು ವಂಶಪಾರಂಪರ್ಯದ ಹಾಗೆ ತನ್ನದೇ ಅಧಿಕಾರವೆಂದು ನಂಬಿದ್ದ ಹಳೆಯ ಅಧಿಕಾರಿ ಹೆನ್ರಿ ಹರ್ಬರ್ಟ್ ಇಬ್ಬರ ಮೇಲೂ ದಾವೆ ಹೂಡಿ ಹೋರಾಡಿದ, ಸನ್ನದು ಕದಲಲಿಲ್ಲ. ಜಾರ್ಜ್ ಜಾಲಿ ಎಂಬ ಮೂರನೆಯ ನಟನ ಪಾಡು ಇನ್ನೂ ವಿಚಿತ್ರ. ಅವನೂ ದೊರೆಯಿಂದಲೇ ಅನುಮತಿ ಪಡೆದಿದ್ದ. ಅವನು ಊರೂರು ಸುತ್ತಲು ಹೊರಟಾಗ ಕಿಲಿಗ್ರೂ ಮತ್ತು ಡ್ಯಾವೆನಂಟ್ ಆ ಪರವಾನಗಿಯನ್ನು ವಾರಕ್ಕೆ 4 ಪೌಂಡಿನಂತೆ ಬಾಡಿಗೆಗೆ ಪಡೆದರು. ಆಮೇಲೆ ಅದನ್ನು ತಾವು ಕೊಂಡುಕೊಂಡಿದ್ದೇವೆಂದು ಅರಮನೆಯಲ್ಲಿ ಹೇಳಿ ರದ್ದು ಮಾಡಿಸಿ, ಅದರ ಜಾಗದಲ್ಲಿ ತಮ್ಮ ಹೆಸರಿಗೇ ಹೊಸದನ್ನು ಮಾಡಿಸಿಕೊಂಡರು. ಜಾಲಿ ಕೊನೆಗೆ ಇವರ ಕೈಕೆಳಗೆ ಎಳೆಯ ನಟರಿಗೆ ತರಬೇತಿ ಕೊಡುವ ಮೇಷ್ಟರಾದ. ಲಂಡನ್ನಿನ ನಾಟಕ ಈಗ ನಿಜಕ್ಕೂ ಇಬ್ಬರ ಸ್ವತ್ತು.

ಇದರ ಪರಿಣಾಮ ಮೊದಲು ಕಂಡದ್ದು ಟಿಕೆಟ್ಟಿನ ದರದಲ್ಲಿ. 1642ರಲ್ಲಿ ಬೀಗ ಬಿದ್ದಾಗ ಗ್ಲೋಬ್, ಬ್ಲ್ಯಾಕ್‌ಫ್ರಯರ್ಸ್, ಫಾರ್ಚೂನ್, ರೆಡ್ ಬುಲ್, ಕಾಕ್‌ಪಿಟ್, ಸಾಲಿಸ್‌ಬರಿ ಕೋರ್ಟ್ ಎಂಬ ಆರು ನಾಟಕಶಾಲೆಗಳು ನಗರದಲ್ಲಿದ್ದವು. ಷೇಕ್ಸ್‌ಪಿಯರ್‌ನ ಕಾಲದ ಬಯಲು ನಾಟಕಶಾಲೆಯ ಅಂಗಳದಲ್ಲಿ ನಿಂತು ನೋಡಲು ಒಂದು ಪೆನ್ನಿ ಸಾಕಿತ್ತು. 1660ರ ನಂತರ ಎರಡೇ ನಾಟಕಶಾಲೆ. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಅಗ್ಗದ ಗ್ಯಾಲರಿಗೇ ಒಂದು ಷಿಲಿಂಗ್, ಎಂದರೆ ಹನ್ನೆರಡು ಪೆನ್ನಿ. ರಂಗದೆದುರಿನ ಬೆಂಚುಗಳಿದ್ದ ಪಿಟ್‌ಗೆ ಎರಡೂವರೆ ಷಿಲಿಂಗ್, ಬಾಕ್ಸಿಗೆ ನಾಲ್ಕು. ಕೂಲಿ ಮಾಡುವವನು ಗ್ಯಾಲರಿ ಹತ್ತಬೇಕಾದರೂ ದಿನದ ಸಂಪಾದನೆಯ ಬಹುಪಾಲನ್ನು ಸುರಿಯಬೇಕಿತ್ತು. ಹೀಗೆ ಪ್ರೇಕ್ಷಕರ ಬಳಗ ಚಿಕ್ಕದಾಯಿತು. ಚಿಕ್ಕ ಬಳಗವೆಂದರೆ ಬಂದವರೇ ಮತ್ತೆ ಮತ್ತೆ ಬರಬೇಕು. ಮತ್ತೆ ಬರಬೇಕಾದರೆ ನಾಟಕ ಬದಲಾಗುತ್ತಿರಬೇಕು. ಹೊಸ ನಾಟಕವೊಂದು ಒಂದು ವಾರ ನಡೆದರೆ ಅದೇ ದೊಡ್ಡ ಗೆಲುವು. ನಾಟಕಕಾರನಿಗೆ ಸಿಗುತ್ತಿದ್ದುದು ಮೂರನೆಯ ದಿನದ ಲಾಭ. ಎರಡನೆಯ ದಿನಕ್ಕೇ ನಾಟಕ ಬಿದ್ದುಹೋದರೆ ಅವನು ಬರಿಗೈ. ಈ ಲೆಕ್ಕಾಚಾರದೊಳಗೆ ಬರೆಯುವವನು ಪಿಟ್ಟಿನಲ್ಲಿ ಕೂತವರ ಮುಖ, ಅವರ ಜಗಳ, ಅವರ ಚಟಗಳನ್ನೇ ರಂಗದ ಮೇಲೆ ತೋರಿಸಿದರೆ ಅದರಲ್ಲಿ ಆಶ್ಚರ್ಯವೇನು? ‘ದಿ ಮ್ಯಾನ್ ಆಫ್ ಮೋಡ್’ನ ನಾಯಕನಲ್ಲಿ ರಾಚೆಸ್ಟರ್ ಪ್ರಭುವಿನ ಛಾಯೆ ಇದೆಯೆಂದು ಆಗಿನವರೇ ಆಡಿಕೊಂಡರು. ಆಸ್ಥಾನ ಒದಗಿಸಿದ್ದು ಕಚ್ಚಾ ಸಾಮಗ್ರಿಯನ್ನು ಎಂಬಷ್ಟನ್ನು ಒಪ್ಪಬಹುದು.

ಎರಡು ಕಂಪನಿಗಳು ಸಮಬಲದವಾಗಿ ಹುಟ್ಟಲಿಲ್ಲ ಎಂಬುದು ಇನ್ನೂ ಮುಖ್ಯ. ಹಳೆಯ ಕಿಂಗ್ಸ್ ಮೆನ್ ತಂಡದ ವಾರಸುದಾರರು ತಾವೆಂದು ಹೇಳಿಕೊಂಡ ಕಿಲಿಗ್ರೂನ ನಟರು ಬೆನ್ ಜಾನ್ಸನ್, ಫ್ಲೆಚರ್, ಷೇಕ್ಸ್‌ಪಿಯರ್ ಇವರ ಹಳೆಯ ನಾಟಕಗಳ ಬಹುಭಾಗವನ್ನು ತಮ್ಮದಾಗಿಸಿಕೊಂಡರು. ಅನುಭವಿ ನಟರೂ ಅವರ ಬಳಿಯೇ ಇದ್ದರು. ಡ್ಯಾವೆನಂಟ್ ಬೇಡಿ ಪಡೆಯಬೇಕಾಯಿತು. 1660ರ ಡಿಸೆಂಬರಿನಲ್ಲಿ ಅವನಿಗೆ ಹನ್ನೊಂದು ಹಳೆಯ ನಾಟಕಗಳು ದಕ್ಕಿದವು, ಅವುಗಳಲ್ಲಿ ಒಂಬತ್ತು ಷೇಕ್ಸ್‌ಪಿಯರ್‌ನವು. ‘ಹ್ಯಾಮ್ಲೆಟ್’, ‘ಮ್ಯಾಕ್‌ಬೆತ್’, ‘ಕಿಂಗ್ ಲಿಯರ್’, ‘ದಿ ಟೆಂಪೆಸ್ಟ್’ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅವನ್ನು ಕಾಲಕ್ಕೆ ತಕ್ಕಂತೆ ತಿದ್ದಿ ಆಡುವುದಾಗಿ ಅವನು ಒಪ್ಪಿಕೊಂಡಿದ್ದ. ಷೇಕ್ಸ್‌ಪಿಯರ್‌ನನ್ನು ಕೆಡಿಸಿದ ಅಪವಾದ ಈ ಯುಗದ ಮೇಲಿದೆ. ಡ್ಯಾವೆನಂಟ್‌ನ ಮಾಟಗಾತಿಯರು ಗಾಳಿಯಲ್ಲಿ ಹಾರಿದರು. 1681ರಲ್ಲಿ ನೇಹಮ್ ಟೇಟ್ ಬರೆದ ‘ಲಿಯರ್’ನಲ್ಲಿ ಮುದಿ ದೊರೆ ಬದುಕಿ ಉಳಿದು, ಕಾರ್ಡೀಲಿಯಳಿಗೆ ಎಡ್ಗರ್‌ನ ಜೊತೆ ಮದುವೆಯಾಗುತ್ತದೆ. ಅಭಿರುಚಿಯ ಪತನವೆಂದು ಇದನ್ನು ಬೈಯುವುದು ವಾಡಿಕೆ. ಆದರೆ ಇವು ಡ್ಯೂಕ್ಸ್ ಕಂಪನಿಯವು, ಡ್ಯಾವೆನಂಟ್‌ನ ಪಾಲಿಗೆ ಬಂದ ನಾಟಕಗಳು ಎಂಬುದನ್ನು ಗಮನಿಸಬೇಕು. ಕೈಯಲ್ಲಿ ಬಂಡವಾಳವಾಗಿದ್ದ ನಾಟಕಗಳೇ ಕೆಲವು. ಅವನ್ನೇ ಹೊಸದು ಮಾಡಿ ತೋರಿಸದಿದ್ದರೆ ಬಾಗಿಲು ಮುಚ್ಚಬೇಕು. ಎದುರಾಳಿಗಳು ‘ಒಥೆಲೊ’ವನ್ನು ಹೆಚ್ಚು ತಿದ್ದದೆ ಆಡುತ್ತಿದ್ದರು, ಅವರಿಗೆ ಆ ಅವಸರವಿರಲಿಲ್ಲ. ಇದೇ ಬಡತನ ಡ್ಯಾವೆನಂಟ್‌ನನ್ನು ಸೀನರಿಯತ್ತ ನೂಕಿತು. 1661ರ ಜೂನಿನಲ್ಲಿ ಲಿಂಕನ್ಸ್ ಇನ್ ಫೀಲ್ಡ್ಸ್‌ನ ಟೆನಿಸ್ ಅಂಕಣವೊಂದನ್ನು ನಾಟಕಶಾಲೆಯಾಗಿ ಮಾಡಿ, ಜಾರುಗಾಲುವೆಗಳಲ್ಲಿ ಸರಿಯುವ ಚಿತ್ರಿತ ಹಲಗೆಗಳನ್ನೂ ಪಕ್ಕದ ವಿಂಗುಗಳನ್ನೂ ಅವನು ಸಾರ್ವಜನಿಕ ರಂಗಕ್ಕೆ ತಂದ. ಕಿಲಿಗ್ರೂ ಅದನ್ನು ನಕಲು ಮಾಡದೆ ಬೇರೆ ದಾರಿಯಿರಲಿಲ್ಲ. 1663ರ ಮೇ ತಿಂಗಳಲ್ಲಿ ಡ್ರೂರಿ ಲೇನಿನ ಬಳಿ ಅವನ ಹೊಸ ನಾಟಕಶಾಲೆ ತೆರೆಯಿತು. ಎರಡು ಶತಮಾನಗಳ ನಂತರ ಬೊಂಬಾಯಿಯ ಪಾರ್ಸಿ ಕಂಪನಿಗಳ ಮೂಲಕ ನಮ್ಮ ಕಂಪನಿ ನಾಟಕಗಳಿಗೆ ಬಂದ ಸೀನರಿ ಮತ್ತು ಸೈಡ್ ವಿಂಗುಗಳ ವಂಶವೃಕ್ಷದಲ್ಲಿ ಈ ಟೆನಿಸ್ ಅಂಕಣಕ್ಕೂ ಒಂದು ಸ್ಥಾನವಿದೆ.

1672ರ ಜನವರಿಯಲ್ಲಿ ಕಿಂಗ್ಸ್ ಕಂಪನಿಯ ನಾಟಕಶಾಲೆ ಸುಟ್ಟುಹೋಯಿತು. ಅದಕ್ಕೆ ಎರಡೇ ತಿಂಗಳ ಹಿಂದೆ ಡ್ಯೂಕ್ಸ್ ಕಂಪನಿ ಥೇಮ್ಸ್ ದಂಡೆಯ ಡಾರ್ಸೆಟ್ ಗಾರ್ಡನ್‌ನಲ್ಲಿ ಸುಮಾರು 9,000 ಪೌಂಡ್ ವೆಚ್ಚದ, ಯಂತ್ರಗಳಿಂದ ತುಂಬಿದ ಭವ್ಯ ನಾಟಕಶಾಲೆಯನ್ನು ತೆರೆದಿತ್ತು. ಕಿಲಿಗ್ರೂ 1674ರಲ್ಲಿ ಸುಮಾರು 4,000 ಪೌಂಡಿನಲ್ಲಿ ಡ್ರೂರಿ ಲೇನನ್ನು ಮತ್ತೆ ಕಟ್ಟಿದನಾದರೂ ಅದು ಎದುರಾಳಿಯದರ ಮುಂದೆ ಸಾದಾ ಕಟ್ಟಡ. 1675ರ ಫೆಬ್ರವರಿಯಲ್ಲಿ ಡಾರ್ಸೆಟ್ ಗಾರ್ಡನ್ ‘ಸೈಕಿ’ ಎಂಬ ಒಂದೇ ಸಂಗೀತ ನಾಟಕದ ಸೀನರಿಗೆ 800 ಪೌಂಡಿಗಿಂತ ಹೆಚ್ಚು ಸುರಿಯಿತು. ಹಣದಲ್ಲಿ ಸೆಣಸಲಾಗದ ಡ್ರೂರಿ ಲೇನ್ ಅದೇ ವರ್ಷ ಮಾತಿನ ಮೇಲೆ ಪಣವಿಟ್ಟು ಎರಡು ನಾಟಕಗಳನ್ನು ಆಡಿತು. ಒಂದು, ಕೆಲವು ಕೋಣೆ ಬೀದಿಗಳ ಸೀನುಗಳಲ್ಲೇ ಮುಗಿಯುವ ‘ದಿ ಕಂಟ್ರಿ ವೈಫ್’. ಇನ್ನೊಂದು, ನವೆಂಬರಿನಲ್ಲಿ ಬಂದ ಡ್ರೈಡನ್‌ನ ‘ಔರಂಗ್‌ಜೇಬ್’. ನಾಟಕದ ನಾಯಕ ಆಗ ಬದುಕಿದ್ದ ಮತ್ತು ಆಳುತ್ತಿದ್ದ ಮೊಗಲ್ ಬಾದಶಹ. 1657ರಲ್ಲಿ ಬೀದರ್ ಮತ್ತು ಕಲ್ಯಾಣದ ಕೋಟೆಗಳನ್ನು ಹಿಡಿದವನು, ಮುಂದೆ 1686ರಲ್ಲಿ ಬಿಜಾಪುರವನ್ನು ನುಂಗಿದವನು. ಫ್ರೆಂಚ್ ವೈದ್ಯ ಬರ್ನಿಯೆಯ ಪ್ರವಾಸಕಥನ ಇಂಗ್ಲಿಷಿನಲ್ಲಿ ಆಗಷ್ಟೇ ಬಂದಿತ್ತು. ಡ್ರೈಡನ್ ಅದರಿಂದ ಹೆಸರುಗಳನ್ನೂ ಸಿಂಹಾಸನದ ಜಗಳವನ್ನೂ ತೆಗೆದುಕೊಂಡು, ತಂದೆಯನ್ನು ಸೆರೆಯಲ್ಲಿಟ್ಟ ಮಗನನ್ನು ಪಿತೃಭಕ್ತಿಯ ಆದರ್ಶವನ್ನಾಗಿ ಮಾಡಿಬಿಟ್ಟ. ಮೊಗಲ್ ರಾಜಕುಮಾರನೊಬ್ಬನ ಹೆಂಡತಿ ಕೊನೆಯಲ್ಲಿ ಸಹಗಮನಕ್ಕೆ ಹೊರಡುತ್ತಾಳೆ. ನಮಗೆ ನಗು ಬರುತ್ತದೆ, ಬರಲಿ. ಲಂಡನ್ನಿನ ಪಿಟ್‌ಗೆ ಬೇಕಾಗಿದ್ದುದು ಆಗ್ರಾದ ಸತ್ಯವಲ್ಲ, ಅಣ್ಣತಮ್ಮಂದಿರ ಕೈಗೆ ಸಿಂಹಾಸನ ಹೋಗುವ ಭಯ; ಔರಸ ಮಕ್ಕಳಿಲ್ಲದ ಚಾರ್ಲ್ಸನ ನಂತರ ಯಾರು ಎಂಬುದು ಅವರದೇ ಪ್ರಶ್ನೆಯಾಗಿತ್ತು. ಹಾರ್ಟ್ ಮತ್ತು ಮೋಹನ್‌ರಂಥ ನುರಿತ ನಟರ ಕಂಠವೇ ಕಿಂಗ್ಸ್ ಕಂಪನಿಗೆ ಉಳಿದಿದ್ದ ಆಸ್ತಿ, ಡ್ರೈಡನ್ ಆ ಕಂಠಕ್ಕೆ ಬರೆದ. ಅವನು ಬರಿ ಕವಿಯೂ ಆಗಿರಲಿಲ್ಲ: ವರ್ಷಕ್ಕೆ ಮೂರು ನಾಟಕ ಕೊಡುವ ಒಪ್ಪಂದಕ್ಕೆ ಪ್ರತಿಯಾಗಿ ಕಂಪನಿಯಲ್ಲಿ ಒಂದೂಕಾಲು ಪಾಲು ಪಡೆದಿದ್ದ ಪಾಲುದಾರ. ಮೂರನ್ನು ಅವನು ಎಂದೂ ಕೊಡಲಿಲ್ಲ ಎಂದು ಕಂಪನಿ ಆಮೇಲೆ ದೂರು ಬರೆಯಿತು.

ಆ ನಾಟಕದಲ್ಲಿ ಮೊರಾತ್ ಎಂಬ ಉಗ್ರ ರಾಜಕುಮಾರನಾಗಿ ಗರ್ಜಿಸಿದ ಎಡ್ವರ್ಡ್ ಕಿನಾಸ್ಟನ್ 1660ರಲ್ಲಿ ಸ್ತ್ರೀಪಾತ್ರಧಾರಿಯಾಗಿದ್ದ. ಅವನಷ್ಟು ಚೆಲುವಾದ ಹೆಂಗಸನ್ನೇ ತಾನು ಕಂಡಿಲ್ಲವೆಂಬ ಅರ್ಥದ ಮಾತನ್ನು ಪೀಪ್ಸ್ ಆಗ ಬರೆದಿದ್ದ. ಅದೇ ವರ್ಷದ ಡಿಸೆಂಬರ್ 8ರಂದು ಕಿಂಗ್ಸ್ ಕಂಪನಿ ‘ಒಥೆಲೊ’ ಆಡಿದಾಗ ಡೆಸ್ಡಿಮೋನಳಾಗಿ ಬಂದವಳು ಹೆಣ್ಣು. 1662ರ ಸನ್ನದು ಇದನ್ನೇ ನಿಯಮ ಮಾಡಿತು: ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸತಕ್ಕದ್ದು. ಕೊಟ್ಟ ಕಾರಣ ನೀತಿಯದು. ಗಂಡಸರು ಸೀರೆ ಉಟ್ಟ ಹಾಗೆ ಹೆಣ್ಣುಡುಗೆ ತೊಡುವುದು ಕೆಲವರ ಮನಸ್ಸಿಗೆ ನೋವುಂಟುಮಾಡಿದೆಯಂತೆ. ನೀತಿಯ ಹೆಸರಿನಲ್ಲಿ ಬಂದ ನಿಯಮವನ್ನು ಎರಡು ಕಂಪನಿಗಳ ಪೈಪೋಟಿ ಎಲ್ಲಿಗೆ ಒಯ್ದಿತೆಂಬುದು ಗೊತ್ತೇ ಇದೆ. 1660ರಿಂದ 1700ರವರೆಗಿನ ನಾಟಕಗಳಲ್ಲಿ ಸುಮಾರು ಕಾಲು ಭಾಗದಲ್ಲಿ ನಟಿಗೆ ಗಂಡುವೇಷದ ಪಾತ್ರವಿದೆ. ಬಿಗಿಯಾದ ಚಲ್ಲಣದಲ್ಲಿ ಕಾಲು ಕಾಣುತ್ತದೆ ಎಂಬುದೇ ಅದರ ಮುಖ್ಯ ಪ್ರಯೋಜನ. ನಟಿಯರ ಬಾಳು ಸುರಕ್ಷಿತವಾಗಿರಲಿಲ್ಲ. 1692ರಲ್ಲಿ ಆನ್ ಬ್ರೇಸ್‌ಗರ್ಡಲ್‌ಳನ್ನು ಎತ್ತಿಕೊಂಡು ಹೋಗಲು ಯತ್ನಿಸಿ ಸೋತ ಸೈನ್ಯಾಧಿಕಾರಿಯೊಬ್ಬ ಅವಳ ಸಹನಟ ವಿಲಿಯಂ ಮೌಂಟ್‌ಫರ್ಟ್‌ನನ್ನು ಇರಿದು ಕೊಂದ. ಜೊತೆಗಿದ್ದ ಮೋಹನ್ ಪ್ರಭುವನ್ನು ಪ್ರಭುಗಳ ಸಭೆ ನಿರ್ದೋಷಿಯೆಂದು ಬಿಟ್ಟಿತು. ಆದರೂ ಅದೇ ಬ್ರೇಸ್‌ಗರ್ಡಲ್ ಮತ್ತು ಎಲಿಜಬೆತ್ ಬ್ಯಾರಿ ಇಬ್ಬರೂ ರಂಗದ ಮೇಲೆ ಜೊತೆಗಿದ್ದುದರಿಂದಲೇ ಎರಡು ಸಮಬಲದ ಹೆಣ್ಣುಪಾತ್ರಗಳ ನಾಟಕಗಳು ಸಾಲುಸಾಲಾಗಿ ಬಂದವು. ಕಾಂಗ್ರೀವ್‌ನ ‘ದಿ ವೇ ಆಫ್ ದಿ ವರ್ಲ್ಡ್’ನಲ್ಲಿ ಮಿಲಮಂಟ್ ಪಾತ್ರ ಬ್ರೇಸ್‌ಗರ್ಡಲ್‌ಳದು, ಮಾರ್ವುಡ್ ಪಾತ್ರ ಬ್ಯಾರಿಯದು. ಇಂಗ್ಲಿಷ್ ಪ್ರಹಸನದಲ್ಲಿ ಗಂಡಿಗೆ ಸರಿಸಾಟಿಯಾಗಿ ಮಾತಾಡುವ ಹೆಣ್ಣು ಇಷ್ಟು ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಈ ನಟಿಯರ ನಾಲಿಗೆಯ ಕಸುಬು ಕಾರಣ. ಲಂಪಟ ದೊರೆಗೆ ಅದರ ಕೀರ್ತಿ ಸಲ್ಲಬೇಕಿಲ್ಲ.

ಈ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪವೊಂದಿದೆ. ಎರಡು ನಾಟಕಶಾಲೆಗಳೇ ಎಷ್ಟೋ ಸಲ ತುಂಬುತ್ತಿರಲಿಲ್ಲ; ಹಾಗಿರುವಾಗ ಸನ್ನದು ಅಡ್ಡ ಬಂತೆನ್ನುವುದು ಹೇಗೆ, ನಾಟಕ ನೋಡುವ ಆಸೆಯೇ ಊರಿನಲ್ಲಿ ಕುಗ್ಗಿತ್ತಲ್ಲವೇ ಎಂದು ಕೇಳಬಹುದು. 1665ರ ಪ್ಲೇಗು, ಮರುವರ್ಷದ ಮಹಾ ಅಗ್ನಿ, 1678ರ ನಂತರದ ರಾಜಕೀಯ ಗಲಭೆ ಜನರನ್ನು ದೂರವಿಟ್ಟದ್ದು ನಿಜ. ಆದರೆ ಸಾಮಾನ್ಯ ಜನರಿಗೆ ಆಸೆಯಿರಲಿಲ್ಲ ಎನ್ನಲಾಗದು. 1668ರ ಹೊಸ ವರ್ಷದ ದಿನ ಪೀಪ್ಸ್ ಡ್ಯೂಕ್ಸ್ ನಾಟಕಶಾಲೆಗೆ ಹೋದಾಗ, ಅಂಗಡಿಯ ಹುಡುಗರೂ ಸಾಮಾನ್ಯ ನಾಗರಿಕರೂ ಎರಡೂವರೆ ಷಿಲಿಂಗ್ ಕೊಟ್ಟು ಪಿಟ್‌ನಲ್ಲಿ ಕೂತಿದ್ದನ್ನು ಕಂಡು ಬೆರಗಾದ. ಹಬ್ಬದ ದಿನ ಅಷ್ಟು ತೆತ್ತವರು ವಾರದ ದಿನ ಒಂದು ಪೆನ್ನಿಗೆ ಬಾಗಿಲು ತೆರೆದಿದ್ದರೆ ಬರುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಅಗ್ಗದ ನಾಟಕಶಾಲೆ ತೆರೆಯುವವನಿಗೆ ಕಾನೂನಿನಲ್ಲೇ ಜಾಗವಿರಲಿಲ್ಲ. ಎಲ್ಲವೂ ಫ್ರೆಂಚರ ಪ್ರಭಾವ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ: ವಿಚರ್ಲಿ ಮೊಲಿಯೇರ್‌ನಿಂದ ಕಥೆ ಎತ್ತಿಕೊಂಡ, ಸರಿ, ಆದರೆ ಮೊಲಿಯೇರ್ 1690ರ ದಶಕದವರೆಗೂ ಎಲ್ಲರ ಕೈಗೂ ಸಿಗುತ್ತಿದ್ದ, ನಡುವಿನ ಬತ್ತಿದ ವರ್ಷಗಳನ್ನು ಅವನು ವಿವರಿಸುವುದಿಲ್ಲ.

ಆ ಬತ್ತಿದ ವರ್ಷಗಳೇ ನನ್ನ ಪ್ರಬಲ ಸಾಕ್ಷಿ. ಒಳಜಗಳದಲ್ಲಿ ನರಳುತ್ತಿದ್ದ ಕಿಂಗ್ಸ್ ಕಂಪನಿ 1682ರಲ್ಲಿ ಡ್ಯೂಕ್ಸ್ ಕಂಪನಿಯೊಳಗೆ ಸೇರಿಹೋಯಿತು. ಅದಕ್ಕೆ ಹಿಂದಿನ ವರ್ಷವೇ ಹಾರ್ಟ್ ಮತ್ತು ಕಿನಾಸ್ಟನ್ ಎದುರಾಳಿಗಳೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು. ಸ್ವಂತ ಕಂಪನಿಯಲ್ಲಿ ಅಭಿನಯಿಸದೆ ಇರುವುದಕ್ಕೆ, ಡ್ಯೂಕ್ಸ್ ಕಂಪನಿ ಆಟವಾಡಿದ ಪ್ರತಿದಿನಕ್ಕೂ ಅವರಿಗೆ 5 ಷಿಲಿಂಗ್. ಮುಂದಿನ ಹದಿಮೂರು ವರ್ಷ ಲಂಡನ್ನಿನಲ್ಲಿ ಒಂದೇ ಕಂಪನಿ. ಹಿಂದೆ ವರ್ಷಕ್ಕೆ ಹತ್ತಾರು ಹೊಸ ನಾಟಕಗಳು ಬರುತ್ತಿದ್ದ ಊರಿನಲ್ಲಿ ಈಗ ಬೆರಳೆಣಿಕೆಯಷ್ಟು. ಎದುರಾಳಿಯಿಲ್ಲದ ಕಂಪನಿಗೆ ಹಳೆಯ ನಾಟಕಗಳೇ ಸಾಕು, ಹೊಸದಕ್ಕೆ ಖರ್ಚೇಕೆ? ಬರೆದೇ ಹೊಟ್ಟೆ ಹೊರೆಯುತ್ತಿದ್ದ ಆಫ್ರಾ ಬೆನ್ ಈ ವರ್ಷಗಳಲ್ಲಿ ಅನುವಾದ, ಕಾವ್ಯ, ಗದ್ಯಕಥೆಗಳತ್ತ ಹೊರಳಿದಳು. 1688ರ ‘ಒರುನೋಕೊ’ ಬಂದದ್ದು ಹಾಗೆ. ಚಾರ್ಲ್ಸ್ ಇನ್ನೂ ಬದುಕಿದ್ದಾಗಲೇ, ಅವನ ಆಸ್ಥಾನ ಎಂದಿನಂತಿರುವಾಗಲೇ ಹೊಸ ನಾಟಕ ಸೊರಗಿತು ಎಂಬುದನ್ನು ಗಮನಿಸಿ.

1695ರಲ್ಲಿ ಇದಕ್ಕೆ ಎದುರು ಪರೀಕ್ಷೆಯೂ ನಡೆಯಿತು. ಸನ್ನದನ್ನು ವಶಮಾಡಿಕೊಂಡಿದ್ದ ವಕೀಲ ಕ್ರಿಸ್ಟೊಫರ್ ರಿಚ್ ಹಿರಿಯ ನಟರ ಸಂಬಳ ಕತ್ತರಿಸಿ, ಅವರ ಪಾತ್ರಗಳನ್ನು ಕಿರಿಯರಿಗೆ ಹಂಚತೊಡಗಿದಾಗ ಬೆಟರ್‌ಟನ್, ಬ್ಯಾರಿ, ಬ್ರೇಸ್‌ಗರ್ಡಲ್ ಹೊರನಡೆದು, ದೊರೆ ವಿಲಿಯಂನಿಂದ ಬೇರೆ ಪರವಾನಗಿ ಪಡೆದು ಲಿಂಕನ್ಸ್ ಇನ್ ಫೀಲ್ಡ್ಸ್‌ನ ಹಳೆಯ ಟೆನಿಸ್ ಅಂಕಣಕ್ಕೆ ಮರಳಿದರು. ಏಪ್ರಿಲ್ 30ರಂದು ಅವರು ತೆರೆ ಎತ್ತಿದ್ದು ಕಾಂಗ್ರೀವ್‌ನ ‘ಲವ್ ಫಾರ್ ಲವ್’ ನಾಟಕದಿಂದ. ಅದು ಹದಿಮೂರು ದಿನ ನಡೆಯಿತು, ಕಾಂಗ್ರೀವ್‌ಗೆ ಕಂಪನಿಯಲ್ಲಿ ಪಾಲು ದೊರೆಯಿತು. ರಿಚ್‌ನ ಬಳಿ ಉಳಿದ ಎಳೆಯ ನಟರಲ್ಲಿ ಕಾಲಿ ಸಿಬ್ಬರ್ ಎಂಬವನು ತನಗೆ ಪಾತ್ರ ಬೇಕೆಂದು ತಾನೇ ಒಂದು ನಾಟಕ ಬರೆದ. ಅದನ್ನು ಕಂಡ ವ್ಯಾನ್‌ಬ್ರೂ ಅದರ ಮುಂದುವರಿದ ಭಾಗವಾಗಿ 1696ರಲ್ಲಿ ‘ದಿ ರಿಲ್ಯಾಪ್ಸ್’ ಬರೆದ. ಅದೇ ವರ್ಷ ಮೇರಿ ಪಿಕ್ಸ್, ಡೆಲರಿವಿಯರ್ ಮ್ಯಾನ್ಲಿ ಎಂಬ ಹೊಸ ನಾಟಕಕರ್ತೃಗಳ ಕೃತಿಗಳು ರಂಗವೇರಿದವು. ಕ್ಯಾಥರಿನ್ ಟ್ರಾಟರ್‌ಳ ಮೊದಲ ನಾಟಕವೂ ಅದೇ ಹೊತ್ತಿನದು. ಎರಡು ಕಂಪನಿಗಳಿಗೂ ನಾಟಕ ಬೇಕಾಗಿದ್ದಾಗ ಹೆಂಗಸು ಬರೆದದ್ದು ಎಂದು ತಿರಸ್ಕರಿಸುವ ಐಷಾರಾಮ ಯಾರಿಗೂ ಇರಲಿಲ್ಲ.

1698ರಲ್ಲಿ ಪಾದ್ರಿ ಜೆರೆಮಿ ಕಾಲಿಯರ್ ನಾಟಕಗಳ ಅನೀತಿಯ ಮೇಲೆ ಉಗ್ರ ಪುಸ್ತಕ ಬರೆದ ಮೇಲೆ ಈ ಪ್ರಹಸನಗಳ ಯುಗ ಮುಗಿಯಿತು ಎನ್ನುವುದುಂಟು. ಕಾಲಿಯರ್‌ನ ಪೆಟ್ಟು ಸಣ್ಣದಲ್ಲ. ಆದರೆ ‘ದಿ ವೇ ಆಫ್ ದಿ ವರ್ಲ್ಡ್’ ಬಂದದ್ದು ಅದರ ನಂತರ, 1700ರಲ್ಲಿ. ಪುಸ್ತಕವೊಂದು ಬಾಯಿ ಮುಚ್ಚಿಸಿದ್ದಕ್ಕಿಂತ ಸನ್ನದು ಮುಚ್ಚಿಸಿದ್ದೇ ಹೆಚ್ಚು. 1737ರ ಲೈಸೆನ್ಸಿಂಗ್ ಆಕ್ಟ್ ಲಂಡನ್ನಿನ ಮಾತಿನ ನಾಟಕವನ್ನು ಮತ್ತೆ ಸನ್ನದಿರುವ ನಾಟಕಶಾಲೆಗಳಿಗಷ್ಟೇ ಕಟ್ಟಿಹಾಕಿದಾಗ, ಆ ಹೊತ್ತಿನ ಅತ್ಯಂತ ಚುರುಕಾದ ಪ್ರಹಸನಕಾರ ಹೆನ್ರಿ ಫೀಲ್ಡಿಂಗ್ ರಂಗ ಬಿಟ್ಟು ವಕೀಲಿ ಓದಿದ, ಆಮೇಲೆ ಕಾದಂಬರಿಕಾರನಾದ. ಚಾರ್ಲ್ಸ್ ತನ್ನ ಇಬ್ಬರು ಆಪ್ತರಿಗೆ ಬರೆದುಕೊಟ್ಟ ಆ ಏಕಸ್ವಾಮ್ಯವನ್ನು ಬ್ರಿಟಿಷ್ ಪಾರ್ಲಿಮೆಂಟು ಪೂರ್ತಿಯಾಗಿ ತೆಗೆದುಹಾಕಿದ್ದು 1843ರ ಥಿಯೇಟರ್ಸ್ ಆಕ್ಟ್‌ನಲ್ಲಿ.